ಗಾಯತೊಂಡೆ ಚಿತ್ರ ನೋಡಲು ಹೊರಡುವ ಮುನ್ನ

ಮೊದಲ ಸಲ ಚಿತ್ರಕಾರ ವಿ.ಎಸ್. ಗಾಯತೊಂಡೆಯವರ ಚಿತ್ರದ ಮುಂದೆ ನಾನು ನಿಂತದ್ದು ಹೆಚ್ಚೆಂದರೆ 40 ಸೆಕೆಂಡು. ಉದ್ದಕ್ಕೆ ನಿಂತ ಕ್ಯಾನ್ವಾಸ್. ತುಂಬ ಹಸಿರು. ನಡುವೆ ಗೋಡೆಗೆ ನೀರು ಇಳಿದ ಹಾಗೆ ಏನೋ ಒಂದಿಷ್ಟು ಕಲೆ. ಲೇಬಲ್ ನೋಡಿದರೆ 'ಶೀರ್ಷಿಕೆ ಇಲ್ಲ' ಅಂತ. ಸರಿ ಅಂದುಕೊಂಡು ಪಕ್ಕದ ಕೋಣೆಗೆ ಹೋದೆ. ಅಲ್ಲಿ ಮನುಷ್ಯರು, ಕುದುರೆಗಳು ಇರುವ ಚಿತ್ರಗಳಿದ್ದವು, ಜೀವ ಬಂದ ಹಾಗಾಯಿತು.

ಮತ್ತೆ ಅವರ ಚಿತ್ರದ ಮುಂದೆ ನೆಟ್ಟಗೆ ನಿಂತದ್ದು ಎರಡು ವರ್ಷದ ಮೇಲೆ. ಆ ಎರಡು ವರ್ಷ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನುಷ್ಯನ ಬಗ್ಗೆ ನಾಲ್ಕು ಮಾತು. ವಾಸುದೇವ ಸಾಂತು ಗಾಯತೊಂಡೆ ಹುಟ್ಟಿದ್ದು 1924ರಲ್ಲಿ, ನಾಗಪುರದಲ್ಲಿ. ಮನೆತನ ಗೋವಾದ್ದು. ಬೆಳೆದದ್ದು ಮುಂಬೈಯ ಗಿರಗಾಂವ್‌ನಲ್ಲಿ, ಚಾಳಿನ ಮನೆಯಲ್ಲಿ. 1948ರಲ್ಲಿ ಜೆ.ಜೆ. ಕಲಾಶಾಲೆಯಿಂದ ಡಿಪ್ಲೊಮಾ. 1964ರಲ್ಲಿ ರಾಕ್‌ಫೆಲ್ಲರ್ ಫೆಲೋಶಿಪ್ ಮೇಲೆ ನ್ಯೂಯಾರ್ಕ್. 1971ರಲ್ಲಿ ಪದ್ಮಶ್ರೀ. ಮರುವರ್ಷ ದೆಹಲಿಗೆ ಹೋಗಿ ನಿಜಾಮುದ್ದೀನ್ ಈಸ್ಟ್‌ನಲ್ಲಿ ಒಂದು ಪುಟ್ಟ ಬರಸಾತಿಯಲ್ಲಿ, ಅಂದರೆ ತಾರಸಿ ಮೇಲಿನ ಕೋಣೆಯಲ್ಲಿ, ನೆಲೆ ನಿಂತರು. ಮದುವೆಯಾಗಲಿಲ್ಲ. ಮನೆಯವರಿಂದಲೂ ದೂರವೇ ಉಳಿದರು. 2001ರಲ್ಲಿ ತೀರಿಕೊಂಡಾಗ ಸುದ್ದಿ ಜಾಸ್ತಿ ಜನಕ್ಕೆ ತಲುಪಲೂ ಇಲ್ಲ.

ಅವರ ಏಕಾಂತದ ಕಥೆಯನ್ನು ಈಗ ಎಲ್ಲರೂ ಸ್ವಲ್ಪ ಉಪ್ಪು ಖಾರ ಹಾಕಿ ಹೇಳುತ್ತಾರೆ. ಗುಹೆಯಲ್ಲಿ ಕೂತ ಋಷಿ ಅನ್ನುವ ಹಾಗೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಮುಂಬೈಯಲ್ಲಿ ಅವರ ಸ್ಟುಡಿಯೊ ಇದ್ದದ್ದು ವಾರ್ಡನ್ ರಸ್ತೆಯ ಭೂಲಾಭಾಯಿ ದೇಸಾಯಿ ಸಂಸ್ಥೆಯಲ್ಲಿ. ಒಂದು ಕಡೆ ಎಂ.ಎಫ್. ಹುಸೇನ್ ಚಿತ್ರ ಬರೆಯುತ್ತಿದ್ದರು, ಇನ್ನೊಂದು ಕಡೆ ರವಿಶಂಕರ್ ಸಿತಾರ್ ಕಲಿಸುತ್ತಿದ್ದರು, ಮೇಲೆ ರಂಗ ನಿರ್ದೇಶಕ ಅಲ್ಕಾಜಿಯವರ ನಾಟಕದ ತಾಲೀಮು. ಅಂಥ ಸಂತೆಯ ನಡುವೆ ಕೆಲಸ ಮಾಡಿದ ಮನುಷ್ಯ ಅವರು. ಯಾರ ಜೊತೆ, ಎಷ್ಟು ಹೊತ್ತು ಅನ್ನುವುದನ್ನು ಆಮೇಲಾಮೇಲೆ ತಾವೇ ತೀರ್ಮಾನಿಸಿದರು, ಅಷ್ಟೇ. ವರ್ಷಕ್ಕೆ ಐದಾರು ಕ್ಯಾನ್ವಾಸ್ ಮುಗಿಸಿದರೆ ಜಾಸ್ತಿ. ಅಷ್ಟು ನಿಧಾನಕ್ಕೆ ಮಾಡಿದ ಚಿತ್ರವನ್ನು 40 ಸೆಕೆಂಡಿನಲ್ಲಿ ನೋಡಿ ಮುಗಿಸಿದವನು ನಾನು.

ಎಲ್ಲಿದೆ ಅಂತ ಹುಡುಕುವುದು

ಬರೀ 'ಗಾಯತೊಂಡೆ' ಅಂತ ಹುಡುಕಿದರೆ ಒಂದು ವೆಬ್ ಸೀರೀಸ್‌ನ ರೌಡಿ ಎದುರಾಗುತ್ತಾನೆ. ಇನಿಷಿಯಲ್ ಸೇರಿಸಿ ಹುಡುಕಿ. ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕುವಾಗ ಮೊದಲ ಹೆಸರು ಕೆಲವು ಕಡೆ 'ವಾಸುದೇವ್' ಅಂತ, ಕೆಲವು ಕಡೆ 'ವಾಸುದೇವೊ' ಅಂತ ಇರುತ್ತದೆ. ಎರಡನ್ನೂ ಹಾಕಿ ನೋಡಿ.

ನಮ್ಮಲ್ಲಿ ಮೊದಲು ನೋಡಬೇಕಾದ್ದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ಎನ್‌ಜಿಎಂಎ. ಇದಕ್ಕೆ ಮೂರು ಮನೆ. ದೆಹಲಿಯ ಜೈಪುರ ಹೌಸ್‌ನಲ್ಲಿ 1954ರಿಂದ, ಮುಂಬೈಯಲ್ಲಿ 1996ರಿಂದ, ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ. ಒಂದೇ ಸಂಸ್ಥೆಯಾದ್ದರಿಂದ ಚಿತ್ರಗಳು ಪ್ರದರ್ಶನಕ್ಕೆ ಅಂತ ಈ ಊರಿಂದ ಆ ಊರಿಗೆ ಓಡಾಡುತ್ತವೆ. ಬೆಂಗಳೂರಿನವರು ಅರಮನೆ ರಸ್ತೆಯ ಪ್ರದರ್ಶನಗಳ ಮೇಲೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು. ಗಾಯತೊಂಡೆ ಇಲ್ಲದಿದ್ದರೂ ಆ ಹಳೇ ಮರಗಳ ಕೆಳಗೆ ಅರ್ಧ ಗಂಟೆ ಕೂತು ಬರಬಹುದು.

ದೆಹಲಿಯಲ್ಲಿ ಇನ್ನೊಂದು ಜಾಗ ಕಿರಣ್ ನಾಡಾರ್ ಕಲಾ ಸಂಗ್ರಹಾಲಯ. ಖಾಸಗಿಯದ್ದು, ಸಂಗ್ರಹ ದೊಡ್ಡದು.

ನನ್ನನ್ನು ಕೇಳಿದರೆ ಮುಂಬೈಗೆ ಹೋಗಿ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದರೆ ಕಾಲಾ ಘೋಡಾಗೆ ನಡೆದೇ ಹೋಗಬಹುದು. ಅಲ್ಲಿ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯದ ಒಳಗೆ ಕಲಾ ಸಂಗ್ರಾಹಕ ಜಹಾಂಗೀರ್ ನಿಕಲ್ಸನ್ ಅವರ ಸಂಗ್ರಹವಿದೆ. ಅದರಲ್ಲಿ ಗಾಯತೊಂಡೆ ಚಿತ್ರಗಳಿವೆ. 2019ರಲ್ಲಿ ಅದೇ ಕಟ್ಟಡದಲ್ಲಿ ಅವರೊಬ್ಬರದ್ದೇ ಪ್ರದರ್ಶನವೂ ಆಗಿತ್ತು. ರಸ್ತೆ ದಾಟಿದರೆ ಎನ್‌ಜಿಎಂಎ. ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ. ಒಂದು ದಿನಕ್ಕೆ ಸಾಕು.

ಮುಂಬೈಯಲ್ಲೇ ಯಾರೂ ಅಷ್ಟಾಗಿ ಹೇಳದ ಇನ್ನೊಂದು ಜಾಗ ಇದೆ. ಕೊಲಾಬಾದ ತುದಿಯಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಿಐಎಫ್‌ಆರ್. ಭೌತವಿಜ್ಞಾನಿಗಳ ಜಾಗದಲ್ಲಿ ಚಿತ್ರ ಯಾಕೆ ಅಂತ ಅನ್ನಿಸಬಹುದು. ಸಂಸ್ಥೆ ಕಟ್ಟಿದ ವಿಜ್ಞಾನಿ ಹೋಮಿ ಭಾಭಾ ಸ್ವತಃ ಚಿತ್ರ ಬರೆಯುತ್ತಿದ್ದರು. ಸಂಸ್ಥೆಯ ಹಣದಲ್ಲಿ ಒಂದು ಪಾಲನ್ನು ಕಲೆಗೆ ಅಂತಲೇ ತೆಗೆದಿಡಿಸಿ ಚಿತ್ರಗಳನ್ನು ಕೊಂಡರು. ಆ ಸಂಗ್ರಹದಲ್ಲೂ ಗಾಯತೊಂಡೆ ಇದ್ದಾರೆ. ಸುಮ್ನೆ ಹೋಗಿ ಗೇಟಿನಲ್ಲಿ ನಿಂತರೆ ಒಳಗೆ ಬಿಡುವುದಿಲ್ಲ. ಮೊದಲೇ ಪತ್ರ ಬರೆದು ಅನುಮತಿ ಕೇಳಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಎರಡು ಜಾಗ ಹೇಳುತ್ತೇನೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾದಲ್ಲಿ 1962ರ ಒಂದು ಚಿತ್ರವಿದೆ, 1963ರಲ್ಲೇ ಸಂಗ್ರಹಕ್ಕೆ ಸೇರಿದ್ದು. ಬಾಸ್ಟನ್ ಕಡೆಯವರಾದರೆ ಸೇಲಂನ ಪೀಬಡಿ ಎಸ್ಸೆಕ್ಸ್ ಮ್ಯೂಸಿಯಂ ಇದೆ. ಹರ್ವಿಟ್ಜ್ ದಂಪತಿ ಕೂಡಿಸಿದ್ದ ಭಾರತೀಯ ಚಿತ್ರಗಳು ಈಗ ಅಲ್ಲಿವೆ. ಇಂಥ ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ಚಿತ್ರದ ಪುಟ ತೆರೆದರೆ ಅದು ಈಗ ಗೋಡೆ ಮೇಲಿದೆಯೋ ಗೋದಾಮಿನಲ್ಲಿದೆಯೋ ಅಂತ ಬಹಳ ಸಲ ಬರೆದಿರುತ್ತದೆ. ಟಿಕೆಟ್ ತೆಗೆಯುವ ಮೊದಲು ಆ ಒಂದು ಸಾಲು ಓದಿ.

ಭಾರತದ ಚಿತ್ರ ಅಷ್ಟು ದೂರ ಹೇಗೆ ಹೋಯಿತು ಅಂತ ಕೆಲವರು ಕೇಳುತ್ತಾರೆ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಥರದ ಕೆಲವರ ಚಿತ್ರಗಳನ್ನು ಸರ್ಕಾರ ಕಲಾನಿಧಿ ಅಂತ ಘೋಷಿಸಿದೆ. ಅವನ್ನು ಮಾರಾಟಕ್ಕೆ ದೇಶದಿಂದ ಆಚೆ ಒಯ್ಯುವ ಹಾಗಿಲ್ಲ. ಗಾಯತೊಂಡೆ ಆ ಪಟ್ಟಿಯಲ್ಲಿ ಇಲ್ಲ.

ಫೋನ್ ಮಾಡಿ, ಆಮೇಲೆ ಹೊರಡಿ

ಸಂಗ್ರಹದಲ್ಲಿ ಇದೆ ಅಂದರೆ ನೋಡಲು ಸಿಗುತ್ತದೆ ಅಂತಲ್ಲ. ಯಾವ ಮ್ಯೂಸಿಯಂ ಆದರೂ ತನ್ನಲ್ಲಿರುವುದರಲ್ಲಿ ಒಂದು ಸಣ್ಣ ಪಾಲನ್ನಷ್ಟೇ ಗೋಡೆಗೆ ಹಾಕುತ್ತದೆ. ಆದ್ದರಿಂದ ಹಿಂದಿನ ವಾರವೇ ಫೋನ್ ಮಾಡಿ. 'ಗಾಯತೊಂಡೆ ಇದ್ದಾರಾ?' ಅಂತ ಕೇಳಬೇಡಿ. ಒಮ್ಮೆ ನಾನು ಹೀಗೆ ಕೇಳಿದ್ದಕ್ಕೆ ಆ ಕಡೆಯವರು 'ಸಾರ್ ಇವತ್ತು ಬಂದಿಲ್ಲ, ನಾಳೆ ಮಾಡಿ' ಅಂದರು. ಆಫೀಸಿನ ಯಾರೋ ಅಂದುಕೊಂಡರು, ಪಾಪ. 'ವಿ.ಎಸ್. ಗಾಯತೊಂಡೆಯವರ ಪೇಂಟಿಂಗ್ ಈಗ ಡಿಸ್‌ಪ್ಲೇನಲ್ಲಿ ಇದೆಯಾ, ಯಾವ ಮಹಡಿ?' ಅಂತ ಬಿಡಿಸಿ ಕೇಳಿ. ಉತ್ತರ ಸಿಗದಿದ್ದರೆ ಇಮೇಲ್ ಹಾಕಿ. ಓದುವವರು, ಬರೆಯುವವರು, ಕಲಾ ವಿದ್ಯಾರ್ಥಿಗಳು ಕಾರಣ ತಿಳಿಸಿ ಬರೆದರೆ ಗೋದಾಮಿನಲ್ಲಿರುವ ಚಿತ್ರವನ್ನೂ ಕೆಲವೊಮ್ಮೆ ತೋರಿಸುತ್ತಾರೆ. ಆದರೆ ತಿಂಗಳು ಮೊದಲೇ ಕೇಳಬೇಕು.

ಎನ್‌ಜಿಎಂಎಗೆ ಸೋಮವಾರ ರಜೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಕೋಣೆ ಪೂರ್ತಿ ನಿಮ್ಮದೇ.

ಬ್ಯಾಗು ಕೌಂಟರಿನಲ್ಲಿ ಬಿಡಬೇಕಾಗುತ್ತದೆ. ಒಂದು ಚಿಕ್ಕ ನೋಟ್‌ಬುಕ್, ಒಂದು ಪೆನ್ಸಿಲ್ ಜೇಬಿನಲ್ಲಿರಲಿ. ಪೆನ್ನು ಕೆಲವು ಕಡೆ ಬಿಡುವುದಿಲ್ಲ. ಇನ್ನೊಂದು ಸಣ್ಣ ಉಪಾಯ: ಗಾಢ ಬಣ್ಣದ ಅಂಗಿ ಹಾಕಿಕೊಂಡು ಹೋಗಿ. ಗಾಜು ಹಾಕಿದ ಚಿತ್ರದ ಮುಂದೆ ಬಿಳಿ ಅಂಗಿಯಲ್ಲಿ ನಿಂತರೆ ಚಿತ್ರಕ್ಕಿಂತ ಜಾಸ್ತಿ ನೀವೇ ಕಾಣುತ್ತೀರಿ.

ಚಿತ್ರದ ಮುಂದೆ

ಹೊರಗಿನ ಬಿಸಿಲಿಂದ ಬಂದ ಕಣ್ಣು ಕೋಣೆಯ ಬೆಳಕಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಗಾಯತೊಂಡೆ ವಿಷಯದಲ್ಲಿ ಇದು ದೊಡ್ಡ ಮಾತು. ಹಸಿರಿನ ಮೇಲೆ ಹಸಿರು, ಬೂದಿಯ ಮೇಲೆ ಬೂದಿ, ಹೀಗೆ ಹತ್ತಿರ ಹತ್ತಿರದ ಬಣ್ಣಗಳಲ್ಲೇ ಅವರ ಆಟ. ಮೊದಲು ಬೇರೆ ಕೋಣೆಯಲ್ಲಿ ಸುತ್ತಾಡಿ ಬನ್ನಿ. ಫೋನ್ ಜೇಬಿನಲ್ಲಿರಲಿ. ಪರದೆ ಒಂದು ಸಲ ನೋಡಿದರೂ ಕಣ್ಣು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಲೇಬಲ್ ಆಮೇಲೆ ಓದೋಣ.

ಬಾಗಿಲಿನಿಂದ ಒಮ್ಮೆ ನೋಡಿ. ಅಲ್ಲಿಂದ ಒಂದೇ ಬಣ್ಣ ಕಾಣುತ್ತದೆ. ಆ ಬಣ್ಣಕ್ಕೆ ನಿಮ್ಮದೇ ಹೆಸರು ಕೊಟ್ಟು ಬರೆದುಕೊಳ್ಳಿ. ಹಳದಿ ಅಂತ ಬರೆದರೆ ಸಾಲದು. ಅರಿಶಿನವೋ, ಸಾಸಿವೆಯೋ, ಮಾಗಿದ ಬಾಳೆಯೋ? ಈ ಸಾಲು ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಎಂಟು ಹತ್ತು ಅಡಿ ದೂರಕ್ಕೆ ಬನ್ನಿ. ಬೆಂಚು ಇದ್ದರೆ ಕೂತುಬಿಡಿ. ಐದು ನಿಮಿಷ ಏನೂ ಮಾಡಬೇಡಿ. ಮೊದಲ ಎರಡು ನಿಮಿಷ ಬೇಜಾರಾಗುತ್ತದೆ, ಆಗಲಿ. ಮೂರನೇ ನಿಮಿಷಕ್ಕೆ ಒಂದು ವಿಚಿತ್ರ ನಡೆಯುತ್ತದೆ. ಬೆಳಕು ಚಿತ್ರದ ಮೇಲೆ ಬೀಳುತ್ತಿಲ್ಲ, ಒಳಗಿಂದ ಬರುತ್ತಿದೆ ಅನ್ನಿಸಲು ಶುರುವಾಗುತ್ತದೆ. ನಡುವೆ ಇರುವ ಆಕಾರಗಳು ಒಮ್ಮೆ ಮುಂದೆ ತೇಲುತ್ತವೆ, ಒಮ್ಮೆ ಮುಳುಗುತ್ತವೆ. ಕೆರೆ ದಡದಲ್ಲಿ ಕೂತು ನೀರೊಳಗಿನ ಕಲ್ಲು ನೋಡಿದ್ದೀರಾ? ಹೆಚ್ಚು ಕಮ್ಮಿ ಹಾಗೆ.

ಇದು ಮಾಯೆಯಲ್ಲ, ಕೈಕೆಲಸ. ಅದನ್ನು ನೋಡಲು ಹತ್ತಿರ ಹೋಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಗಾಯತೊಂಡೆ ಬಣ್ಣ ಹರಡುತ್ತಿದ್ದದ್ದು ರೋಲರ್‌ನಿಂದ. ಕೆರೆದು ತೆಗೆಯುತ್ತಿದ್ದದ್ದು ಪ್ಯಾಲೆಟ್ ಚಾಕುವಿನಿಂದ. ತೆಳ್ಳಗೆ ಒಂದು ಪದರ, ಅದರ ಮೇಲೆ ಇನ್ನೊಂದು, ಮತ್ತೊಂದು. ಹಸಿ ಬಣ್ಣದ ಮೇಲೆ ಹರಿದ ಪೇಪರ್ ಚೂರುಗಳನ್ನು ಒತ್ತಿ ಎತ್ತುವುದು ಅವರ ಇನ್ನೊಂದು ದಾರಿ. ಮೇಲಿನ ಬಣ್ಣ ಪೇಪರಿಗೆ ಅಂಟಿ ಬರುತ್ತದೆ, ಕೆಳಗಿನ ಪದರ ಇಣುಕುತ್ತದೆ. ಆ ಆಕಾರಗಳ ಅಂಚು ಬ್ರಷ್‌ನಿಂದ ಬಂದದ್ದಲ್ಲ ಅನ್ನುವುದು ಎರಡು ಅಡಿ ದೂರದಿಂದ ಸ್ಪಷ್ಟ. ನಾನು 'ನೀರು ಇಳಿದ ಕಲೆ' ಅಂದುಕೊಂಡದ್ದು ಇದನ್ನೇ.

ಆಮೇಲೆ ಪಕ್ಕಕ್ಕೆ ಸರಿಯಿರಿ. ಗೋಡೆಗೆ ಹತ್ತಿರ ನಿಂತು ಚಿತ್ರವನ್ನು ಓರೆಯಾಗಿ ನೋಡಿ. ಎದುರಿನಿಂದ ನುಣ್ಣಗೆ ಕಂಡ ಮೈಯಲ್ಲಿ ಏರು ತಗ್ಗು, ಕೆರೆದ ಗುರುತು, ದಪ್ಪ ಬಣ್ಣದ ಅಂಚು ಎಲ್ಲ ಕಾಣುತ್ತವೆ. ಫೋಟೊದಲ್ಲಿ ಯಾವತ್ತೂ ಸಿಗದಿರುವುದು ಇದೇ. ಚೌಕಟ್ಟು ಬಿಟ್ಟುಕೊಟ್ಟರೆ ಕ್ಯಾನ್ವಾಸಿನ ಅಂಚನ್ನೂ ನೋಡಿ. ಕೆಳಗಿನ ಪದರಗಳ ಬಣ್ಣ ಅಲ್ಲಿ ಉಳಿದಿರುವುದುಂಟು.

ಟಾರ್ಚ್ ಹಾಕಬೇಡಿ, ಬೆರಳು ತೋರಿಸಬೇಡಿ. ಕಾವಲಿನವರು ಎದ್ದು ಬರುತ್ತಾರೆ, ಬರಬೇಕಾದದ್ದೇ.

ಒಂದು ದಿನಕ್ಕೆ ಎರಡು ಚಿತ್ರ ಸಾಕು. ಮೂರನೆಯದ್ದಕ್ಕೆ ಕಣ್ಣು ಸೋತಿರುತ್ತದೆ.

'ಇದು ಸಮುದ್ರವಾ? ಬೆಟ್ಟವಾ?' ಅಂತ ಕೇಳಿಕೊಳ್ಳುವುದನ್ನು ತಡೆಯಲು ಆಗುವುದಿಲ್ಲ. ಕೇಳಿಕೊಳ್ಳಿ, ತಪ್ಪಿಲ್ಲ. ಗಾಯತೊಂಡೆ ಮಾತ್ರ ತಮ್ಮ ಕೆಲಸವನ್ನು ಅಮೂರ್ತ ಅಂತ ಕರೆಯಲೂ ಒಪ್ಪುತ್ತಿರಲಿಲ್ಲ. ಯಾವುದೋ ವಸ್ತುವಿನಿಂದ ಹೊರಟು ಅದನ್ನು ಅಳಿಸುತ್ತ ಬಂದರೆ ತಾನೇ ಅಮೂರ್ತ? ತಮ್ಮದು ವಸ್ತುವಿನಿಂದ ಹೊರಟದ್ದೇ ಅಲ್ಲ ಅನ್ನುವುದು ಅವರ ವಾದ. ಝೆನ್ ಬಗ್ಗೆ ಓದುತ್ತಿದ್ದರು, ರಮಣ ಮಹರ್ಷಿ, ನಿಸರ್ಗದತ್ತ ಮಹಾರಾಜರ ಮಾತುಗಳಲ್ಲಿ ಆಸಕ್ತಿ ಇತ್ತು. ಹಾಗಂತ ಪ್ರತಿ ಚಿತ್ರದಲ್ಲೂ ಧ್ಯಾನ ಹುಡುಕುತ್ತ ಕೂರಬೇಕಿಲ್ಲ. ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊ ಜೊತೆ ಹೋಲಿಸುವವರೂ ಇದ್ದಾರೆ. ಆ ಹೋಲಿಕೆಯನ್ನು ಮೊದಲ ಭೇಟಿಗೆ ಮನೆಯಲ್ಲೇ ಬಿಟ್ಟು ಹೋಗಿ.

ಈಗ ಲೇಬಲ್

ಬಹುಪಾಲು ಚಿತ್ರಗಳಿಗೆ ಹೆಸರಿಲ್ಲ. ಆದ್ದರಿಂದ 'ಆ ಹಳದಿ ಚಿತ್ರ' ಅಂತ ನೆನಪಿಟ್ಟುಕೊಂಡರೆ ಆರು ತಿಂಗಳ ಮೇಲೆ ನೀವೇ ಗೊಂದಲಕ್ಕೆ ಬೀಳುತ್ತೀರಿ. ಇಸವಿ, ಅಳತೆ, ಸಂಗ್ರಹದ ನಂಬರ್ ಮೂರನ್ನೂ ಬರೆದುಕೊಳ್ಳಿ.

ಇಸವಿ ಬಹಳ ಹೇಳುತ್ತದೆ. 1950ರ ದಶಕದ ಮೊದಲ ಭಾಗ ಅಂದರೆ ಮನುಷ್ಯರು, ಗೆರೆಗಳು, ಹಳೆಯ ಮಿನಿಯೇಚರ್ ಚಿತ್ರಗಳ ನೆನಪು, ಯುರೋಪಿನ ಚಿತ್ರಕಾರ ಪಾಲ್ ಕ್ಲೀ ಪ್ರಭಾವ. ಅದೇ ದಶಕದ ಕೊನೆಗೆ ಆಕಾರಗಳು ಕರಗುತ್ತವೆ. 1960ರ ದಶಕದ ಆರಂಭದ ಕ್ಯಾನ್ವಾಸ್‌ಗಳಲ್ಲಿ ಅಡ್ಡಕ್ಕೆ ಹರಡಿದವು ಬಹಳ. ಅದಕ್ಕೇ ಅವುಗಳಲ್ಲಿ ಸಮುದ್ರ ಕಾಣುವುದು. ಆ ದಶಕದ ಕೊನೆಯಿಂದ ಚಿತ್ರಗಳು ಎದ್ದು ನಿಲ್ಲುತ್ತವೆ, ಉದ್ದುದ್ದ ಆಗುತ್ತವೆ. ಅಡ್ಡ ಚಿತ್ರವನ್ನು ದೃಶ್ಯ ಅಂದುಕೊಳ್ಳುವುದು ನಮ್ಮ ಅಭ್ಯಾಸ, ಉದ್ದ ಮಾಡಿದ ತಕ್ಷಣ ಆ ದಾರಿ ಮುಚ್ಚಿಹೋಗುತ್ತದೆ ಅಲ್ವಾ?

ಚಿತ್ರದ ಮುಂಭಾಗದಲ್ಲಿ ಸಹಿ ಹುಡುಕಬೇಡಿ. ನಂತರದ ಚಿತ್ರಗಳಲ್ಲಿ ಸಹಿ ಇರುವುದು ಹಿಂದೆ. ಇಂಗ್ಲಿಷ್‌ನಲ್ಲೊಂದು, ದೇವನಾಗರಿಯಲ್ಲೊಂದು.

1985ರ ಆಸುಪಾಸಿನ ಇಸವಿ ಕಂಡರೆ ಅದು ಬಹುಶಃ ಕಾಗದದ ಮೇಲಿನ ಕಪ್ಪು ಶಾಯಿಯ ಕೆಲಸ. 1984ರಲ್ಲಿ ದೆಹಲಿಯಲ್ಲಿ ರಸ್ತೆ ಅಪಘಾತವಾಗಿ ಅವರಿಗೆ ಬಹಳ ಪೆಟ್ಟಾಯಿತು. ದೊಡ್ಡ ಕ್ಯಾನ್ವಾಸಿನ ಮುಂದೆ ನಿಲ್ಲಲು ಆಗದ ಆ ವರ್ಷಗಳಲ್ಲಿ ಅಂಗೈ ಅಗಲದ ಜಾಗದಲ್ಲಿ ಶಾಯಿಯಿಂದ ಕೆಲಸ ಮಾಡಿದರು. ಯಾವುದೋ ಮರೆತ ಲಿಪಿಯ ಹಾಗೆ ಕಾಣುವ ಗುರುತುಗಳು, ಓದಲು ಮಾತ್ರ ಬರುವುದಿಲ್ಲ. ನನಗೆ ಕ್ಯಾನ್ವಾಸ್‌ಗಳಿಗಿಂತ ಇವೇ ಹೆಚ್ಚು ಹಿಡಿಸುತ್ತವೆ, ಈ ಮಾತಿಗೆ ಜಗಳ ಆಡುವವರಿದ್ದಾರೆ. ಕಾಗದ ಬೆಳಕಿಗೆ ಬೇಗ ಹಾಳಾಗುವುದರಿಂದ ಮ್ಯೂಸಿಯಂನವರು ಇವನ್ನು ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ ಒಳಗಿಡುತ್ತಾರೆ. ಸಿಕ್ಕಿದಾಗ ನೋಡಿಬಿಡಬೇಕು. ಇವಕ್ಕೆ ಗಾಜು ಹಾಕಿರುವುದರಿಂದ ಗಾಢ ಬಣ್ಣದ ಅಂಗಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹರಾಜಿನ ಹಿಂದಿನ ವಾರ

ಇದು ಬಹಳ ಜನರಿಗೆ ಗೊತ್ತಿಲ್ಲದ ದಾರಿ. ಗಾಯತೊಂಡೆ ಚಿತ್ರಗಳಲ್ಲಿ ಒಳ್ಳೆಯವು ಎಷ್ಟೋ ಇರುವುದು ಖಾಸಗಿ ಮನೆಗಳಲ್ಲಿ. ಅವು ಹೊರಗೆ ಬರುವುದು ಮಾರಾಟಕ್ಕೆ ಬಂದಾಗ. ಸ್ಯಾಫ್ರನ್‌ಆರ್ಟ್, ಪಂಡೋಲ್ಸ್, ಕ್ರಿಸ್ಟೀಸ್ ಥರದವರು ಹರಾಜಿಗೆ ಮೊದಲು ಕೆಲವು ದಿನ ಚಿತ್ರಗಳನ್ನು ಗೋಡೆಗೆ ಹಾಕಿ ತೋರಿಸುತ್ತಾರೆ. ಪ್ರಿವ್ಯೂ ಅಂತಾರೆ. ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇರುವುದಿಲ್ಲ. ಮುಂಬೈ, ದೆಹಲಿಯಲ್ಲಿ ಜಾಸ್ತಿ. ಅವರ ಮೇಲಿಂಗ್ ಲಿಸ್ಟಿಗೆ ಹೆಸರು ಕೊಟ್ಟಿರಿ, ದಿನಾಂಕ ತಾನಾಗಿ ಬರುತ್ತದೆ.

ಒಳಗೆ ಹೋಗಲು ಮುಜುಗರವಾಗುತ್ತದೆ, ನನಗೂ ಆಗಿತ್ತು. ಚಪ್ಪಲಿ ನೋಡಿಯೇ ಇವನು ಕೊಳ್ಳುವವನಲ್ಲ ಅಂತ ಗೊತ್ತಾಗಿರಬೇಕು. ಆದರೂ ಕ್ಯಾಟಲಾಗ್ ಕೊಟ್ಟರು, ಕೂರಲು ಕುರ್ಚಿ ಕೊಟ್ಟರು. ಕೇಳಿದರೆ ಚಿತ್ರದ ಹಿಂಭಾಗ ಹೇಗಿದೆ ಅಂತಲೂ ಹೇಳುತ್ತಾರೆ. ಅಲ್ಲಿ ನೋಡಿದ್ದನ್ನು ಮತ್ತೆ ನೋಡುವ ಅವಕಾಶ ಈ ಜನ್ಮದಲ್ಲಿ ಬಾರದಿರಬಹುದು. ಅದಕ್ಕೇ ಅಲ್ಲಿ ಒಂದು ಚಿತ್ರಕ್ಕೆ ಅರ್ಧ ಗಂಟೆ ಕೊಡಿ.

ಬೆಲೆ ಗೊತ್ತಿರಲಿ, ತಲೆಗೆ ಹತ್ತಿಸಿಕೊಳ್ಳಬೇಡಿ. 2013ರ ಡಿಸೆಂಬರ್‌ನಲ್ಲಿ ಕ್ರಿಸ್ಟೀಸ್ ಭಾರತದಲ್ಲಿ ನಡೆಸಿದ ಮೊದಲ ಹರಾಜಿನಲ್ಲಿ 1979ರ ಚಿತ್ರವೊಂದು 23.7 ಕೋಟಿ ರೂಪಾಯಿಗೆ ಹೋಯಿತು. 2015ರಲ್ಲಿ ಇನ್ನೊಂದು 29.3 ಕೋಟಿಗೆ. 2021ರಲ್ಲಿ 1961ರ ಒಂದು ಚಿತ್ರ 39.98 ಕೋಟಿಗೆ. ನಡುವೆ 2014ರ ಅಕ್ಟೋಬರ್‌ನಿಂದ 2015ರ ಫೆಬ್ರುವರಿವರೆಗೆ ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಮ್ಯೂಸಿಯಂನಲ್ಲಿ ಅವರದ್ದೇ ದೊಡ್ಡ ಪ್ರದರ್ಶನ ನಡೆದಿತ್ತು. ಬರಸಾತಿಯಲ್ಲಿ ಬದುಕಿದ ಮನುಷ್ಯನಿಗೆ ಇದರಲ್ಲಿ ಒಂದು ಪೈಸೆಯೂ ತಲುಪಲಿಲ್ಲ.

'ನಮ್ಮ ತಾತನ ಕಾಲದ ಗಾಯತೊಂಡೆ ಇದೆ, ಕಮ್ಮಿಗೆ ಕೊಡುತ್ತೇನೆ' ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಉತ್ತರ ಕೊಡುವ ಗೋಜಿಗೂ ಹೋಗಬೇಡಿ. ವರ್ಷಕ್ಕೆ ಐದಾರು ಚಿತ್ರ ಮಾಡಿದವರ ಕೆಲಸ ಹಾಗೆಲ್ಲ ಅಟ್ಟದಿಂದ ಉದುರುವುದಿಲ್ಲ. ಯಾವ ಗ್ಯಾಲರಿಯಿಂದ, ಯಾವ ವರ್ಷ, ಯಾರ ಕೈಗೆ ಅನ್ನುವ ಕಾಗದ ಪತ್ರದ ಸರಪಳಿ ಪೂರ್ತಿ ಇರಬೇಕು.

ಅವರಿಂದ ಮುಂದೆ

ಗಾಯತೊಂಡೆ ಹಿಡಿಸಿದರೆ ನಸ್ರೀನ್ ಮೊಹಮದಿ ಅವರನ್ನು ಹುಡುಕಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಬರೋಡದಲ್ಲಿ ಪಾಠ ಮಾಡಿ, 1990ರಲ್ಲಿ ತೀರಿಕೊಂಡವರು. ಭೂಲಾಭಾಯಿ ಸಂಸ್ಥೆಯ ದಿನಗಳಲ್ಲಿ ಗಾಯತೊಂಡೆ ಒಡನಾಟ ಅವರಿಗಿತ್ತು. ಕಾಗದ, ಪೆನ್ಸಿಲ್, ಶಾಯಿ, ಗೆರೆ, ಇಷ್ಟೇ ಅವರ ಬಂಡವಾಳ. ಇವರ ಚಿತ್ರಗಳಿಗೂ ಹೆಸರಿಲ್ಲ, ಬಹಳ ಸಲ ಇಸವಿಯೂ ಇಲ್ಲ. ಇವರನ್ನು ನೋಡುವಾಗ ದೂರದಿಂದ ಶುರು ಮಾಡಬೇಡಿ, ನೇರ ಹತ್ತಿರ ಹೋಗಿ. ಅಷ್ಟು ಸಣ್ಣ ಗೆರೆಗಳು.

ಓದುವುದು ಕೊನೆಗೆ

ಪುಸ್ತಕ, ಕ್ಯಾಟಲಾಗ್ ಎಲ್ಲ ದುಬಾರಿ. ಕೊಳ್ಳುವ ಮೊದಲು ಬೆಂಗಳೂರಿನವರು ಚಿತ್ರಕಲಾ ಪರಿಷತ್ತಿನ ಲೈಬ್ರರಿಯಲ್ಲಿ ಕೇಳಿ ನೋಡಬಹುದು. ಹರಾಜಿನವರ ಹಳೆಯ ಕ್ಯಾಟಲಾಗ್‌ಗಳು ಅವರವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಚಿತ್ರ ದೊಡ್ಡದು ಮಾಡಿ ನೋಡಬಹುದು, ಹಿಂದೆ ಯಾರ ಬಳಿ ಇತ್ತು ಅನ್ನುವುದೂ ಇರುತ್ತದೆ.

ಓದುವಾಗ ನೋಟ್‌ಬುಕ್ ಪಕ್ಕದಲ್ಲಿರಲಿ. ನಾನು ಒಂದೇ ಚಿತ್ರವನ್ನು ಮೂರು ಕಡೆ ಅಚ್ಚಿನಲ್ಲಿ ನೋಡಿದ್ದೇನೆ. ಒಂದರಲ್ಲಿ ಅರಿಶಿನ, ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಹೆಚ್ಚು ಕಮ್ಮಿ ಕಂದು. ಬಾಗಿಲಲ್ಲಿ ನಿಂತು ನಾನು ಬರೆದುಕೊಂಡದ್ದು 'ಸಂಜೆ ಐದರ ಭತ್ತದ ಗದ್ದೆ, ಕೊಯ್ಲಿಗೆ ನಾಲ್ಕು ದಿನ ಮೊದಲು'. ಮೂರರಲ್ಲಿ ಯಾವುದೂ ಅದಕ್ಕೆ ಹೊಂದಲಿಲ್ಲ.